ಬೇಡದೆ ನಡೆಯುವ ಹಾದಿ



ತೀರ್ಥಸ್ನಾನವನ್ನೂ ವೃಕ್ಷಪ್ರದಕ್ಷಿಣೆಯನ್ನೂ ಹಾಸ್ಯಕ್ಕೆ ಗುರಿಮಾಡಿದ ಬಸವಣ್ಣನವರ ವಚನವೊಂದು ಶರಣಭಕ್ತರಲ್ಲಿ ಮನೆಮಾತಾಗಿದೆ. ನೀರಿಗೂ ಮರಕ್ಕೂ ಅಳಿವುಂಟು. ಅಳಿಯುವುದರ ಮೇಲೆ ಭರವಸೆಯಿಟ್ಟವರಿಗೆ ಅಳಿವಿಲ್ಲದ ಕೂಡಲಸಂಗಮದೇವನ ಅರಿವು ದೊರೆಯದು ಎಂಬುದು ಅದರ ತಿರುಳು. ಪ್ರವಚನಗಳಲ್ಲಿ ಮೂಢಾಚರಣೆಯ ಖಂಡನೆ ಬಂದಾಗಲೆಲ್ಲ ಈ ವಚನದ ಪ್ರಸ್ತಾಪ ಬರುತ್ತದೆ. ಆದರೆ ವಾರಕ್ಕೊಮ್ಮೆ ನದಿಯ ದಡದಲ್ಲಿ ನಡೆದು, ಹೆಮ್ಮರಗಳನ್ನು ಸುತ್ತಿ ಬರುವ ಭಕ್ತನಿಗೆ ಇದೇ ವಚನ ಏನು ಹೇಳೀತು ಎಂದು ಯೋಚಿಸಿದವರು ಕಡಿಮೆ.

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ, ವಿಶೇಷವಾಗಿ ಸ್ಯಾನ್ ಹೊಸೆ ನಗರದ ಸುತ್ತಮುತ್ತ, ಕನ್ನಡದ ಕುಟುಂಬಗಳು ಬಹಳಷ್ಟು ನೆಲೆಸಿವೆ. ಅವುಗಳಲ್ಲಿ ಕೊರಳಲ್ಲಿ ಇಷ್ಟಲಿಂಗ ಧರಿಸಿದವರ ಮನೆಗಳೂ ಇವೆ. ವಾರದ ರಜೆಯಲ್ಲಿ ಕಾಡಿನ ಕಾಲುದಾರಿಗಳಲ್ಲಿ ನಡೆಯುವುದು ಅಲ್ಲಿನ ವಾಡಿಕೆ. ಊರಿನಿಂದ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ತಂಗುವ ತಂದೆತಾಯಂದಿರೂ ಈ ವಾಡಿಕೆಯನ್ನು ಕಾಣುತ್ತಾರೆ. ಕೆಲವರು ಅದರಲ್ಲಿ ಪಾಲುಗೊಳ್ಳುತ್ತಾರೆ. ಹಲವರು ಕಿಟಕಿಯಿಂದ ನೋಡುತ್ತ ಮನೆಯಲ್ಲೇ ಉಳಿಯುತ್ತಾರೆ.

ಸ್ಯಾನ್ ಹೊಸೆಯಿಂದ ಬೆಟ್ಟಸಾಲು ದಾಟಿದರೆ ಸ್ಯಾಂಟಾ ಕ್ರೂಜ್ ಜಿಲ್ಲೆಯ ಫೆಲ್ಟನ್ ಎಂಬ ಪುಟ್ಟ ಊರು ಸಿಗುತ್ತದೆ. ಅದಕ್ಕೆ ಹೊಂದಿಕೊಂಡಂತೆ ಹೆನ್ರಿ ಕೊವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್ ಇದೆ. ರಾಜ್ಯಸರ್ಕಾರವು ಜನರಿಗಾಗಿ ಕಾಯ್ದಿರಿಸಿದ ಈ ಕಾಡಿನ ನಡುವೆ ಸ್ಯಾನ್ ಲೊರೆಂಜೊ ಎಂಬ ನದಿ ಹರಿದು ಕಡಲು ಸೇರುತ್ತದೆ. ನದಿಯ ಬದಿಯಲ್ಲೊಂದು ಸಮತಟ್ಟಾದ ಕಾಲುದಾರಿಯಿದೆ. ಸಮೀಪದಲ್ಲೇ ರೆಡ್‌ವುಡ್ ಮರಗಳ ತೋಪನ್ನು ಸುತ್ತಿ, ಹೊರಟಲ್ಲಿಗೇ ಮರಳುವ ಇನ್ನೊಂದು ಹಾದಿಯಿದೆ. ಇದರ ಉದ್ದ ಸುಮಾರು 1.3 ಕಿಲೋಮೀಟರ್. ಗಾಲಿಕುರ್ಚಿಯಲ್ಲಿ ಕುಳಿತವರೂ ಸಾಗಬಹುದಾದಷ್ಟು ಅದು ಸಲೀಸು. ಅಲ್ಲಿನ ಅತಿ ಎತ್ತರದ ಮರ 270 ಅಡಿಗೂ ಮಿಗಿಲು. ಅದರ ವಯಸ್ಸು ಸುಮಾರು 1500 ವರ್ಷವೆಂದು ಅಂದಾಜು. ಕಲ್ಯಾಣದಲ್ಲಿ ಅನುಭವ ಮಂಟಪ ಸೇರಿದ 12ನೆಯ ಶತಮಾನದಲ್ಲಿ ಈ ಮರಕ್ಕೆ ಆಗಲೇ ಆರುನೂರು ವರ್ಷ ದಾಟಿತ್ತು.

ಒಂದು ಬದಿಯಲ್ಲಿ ನೀರು, ಇನ್ನೊಂದು ಬದಿಯಲ್ಲಿ ಮರ. ಬಸವಣ್ಣನವರು ಹೆಸರಿಸಿದ ಎರಡೂ ಇಲ್ಲಿವೆ. ಸುತ್ತು ಬರುವ ಹಾದಿಯೂ ಇದೆ. ಹಾಗಾದರೆ ಈ ನಡಿಗೆಯೂ ವಚನದ ಖಂಡನೆಗೆ ಒಳಗಾಗುವುದೇ?

ಉತ್ತರಕ್ಕೆ ಮೊದಲು ನೆನಪಿಡಬೇಕಾದ ಒಂದು ಸಂಗತಿಯುಂಟು. ಬಸವಣ್ಣನವರು ನದಿಯನ್ನು ಕಾಣದವರಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ ಅವರ ವಿದ್ಯಾಭ್ಯಾಸದ ದಿನಗಳು ಕಳೆದವು. ಆ ಕೂಡಲ ಹೆಸರೇ ಅವರ ವಚನಗಳ ಅಂಕಿತವಾಗಿ ನಿಂತಿತು. ನದಿಯ ದಡದಲ್ಲಿ ಬೆಳೆದ ಜೀವಕ್ಕೆ ನದಿಯ ಮೇಲೆ ದ್ವೇಷವಿರಲು ಸಾಧ್ಯವಿಲ್ಲ. ಅವರ ಆಕ್ಷೇಪವಿದ್ದುದು ನೀರಿನ ಮೇಲಲ್ಲ, ನೀರಿನಲ್ಲಿ ಮುಳುಗುವವನು ಮನಸ್ಸಿನಲ್ಲಿ ಇಟ್ಟುಕೊಂಡ ಬೇಡಿಕೆಯ ಮೇಲೆ. ಮುಳುಗಿದರೆ ಪಾಪ ಹೋಗಬೇಕು, ಸುತ್ತಿದರೆ ಸಂತಾನವಾಗಬೇಕು, ಹರಕೆ ಹೊತ್ತರೆ ಹಣ ಬರಬೇಕು ಎಂಬ ವ್ಯಾಪಾರವನ್ನು ಅವರು ಒಪ್ಪಲಿಲ್ಲ. ಮರವನ್ನು ಸುತ್ತುವುದು ತಪ್ಪಲ್ಲ, ಮರದಿಂದ ಬೇಡುತ್ತ ಸುತ್ತುವುದು ತಪ್ಪು ಎಂಬುದೇ ಈ ವಚನದಿಂದ ಹೊರಡುವ ನ್ಯಾಯವಾದ ಅರ್ಥ.

ಇಂದಿನ ವಿದ್ಯಾವಂತ ಭಕ್ತನು ಮರಕ್ಕೆ ಹರಕೆಯ ದಾರ ಕಟ್ಟುವುದಿಲ್ಲ. ಆದುದರಿಂದ ವಚನದ ಚಾಟಿ ತನಗೆ ತಾಗದೆಂದು ಅವನು ನೆಮ್ಮದಿಯಿಂದಿರುತ್ತಾನೆ. ಆದರೆ ಬೇಡಿಕೆ ವೇಷ ಬದಲಿಸಿದೆಯೇ ಹೊರತು ಅಳಿದಿಲ್ಲ. ಇಷ್ಟು ಮೈಲಿ ನಡೆದೆವು, ಇಷ್ಟು ಸಾವಿರ ಅಡಿ ಏರಿದೆವು ಎಂಬ ಲೆಕ್ಕವನ್ನು ಮೊಬೈಲ್ ಬರೆದಿಡುತ್ತದೆ. ಸಂಜೆಗೆ ಆ ಲೆಕ್ಕ ಗೆಳೆಯರ ಮುಂದೆ ಪ್ರದರ್ಶನಗೊಳ್ಳುತ್ತದೆ. ಕಾಡು ಹೊಗಳಿಕೆಯನ್ನು ಕೊಡಬೇಕು, ಬೆಟ್ಟ ಬಿರುದನ್ನು ಕೊಡಬೇಕು, ಮರ ಚಿತ್ರಕ್ಕೆ ಹಿನ್ನೆಲೆಯಾಗಬೇಕು. ಇದೂ ಹರಕೆಯೇ.

ಈ ಹೊಸ ಹರಕೆಗೆ ಬಲಿಯಾಗುವವರು ಮನೆಯ ಹಿರಿಯರು. ಕಡಿದಾದ ಹಾದಿಯೇ ನಿಜವಾದ ಚಾರಣ, ಸಮತಟ್ಟಾದುದು ಮಕ್ಕಳಾಟ ಎಂಬ ಭಾವನೆ ಬೇರೂರಿದರೆ, ಮಂಡಿನೋವಿನ ತಾಯಿಗೆ ಆ ಭಾನುವಾರದಲ್ಲಿ ಸ್ಥಳವಿಲ್ಲ. ಅವಳು ಮನೆಯಲ್ಲಿ ಬುತ್ತಿ ಕಟ್ಟಿಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆ. ಬಂದರೂ ಕಾರು ನಿಲ್ಲಿಸಿದೆಡೆಯ ಬೆಂಚಿನ ಮೇಲೆ ಕುಳಿತು ಚೀಲಗಳನ್ನು ಕಾಯುತ್ತಾಳೆ. ಹತ್ತು ಸಾವಿರ ಮೈಲಿ ದಾಟಿ ಮಕ್ಕಳನ್ನು ನೋಡಲು ಬಂದವಳಿಗೆ ಮಕ್ಕಳ ಬೆನ್ನು ಮಾತ್ರ ಕಾಣುತ್ತದೆ. ಜಾತಿ, ಲಿಂಗ, ಕಸುಬುಗಳ ಅಡ್ಡಗೋಡೆ ಕೆಡವಿ ಎಲ್ಲರನ್ನೂ ಒಂದೇ ಹಾಸಿನ ಮೇಲೆ ಕೂರಿಸಿದ ಶರಣರ ಅನುಯಾಯಿಗಳು, ಕಾಲಿನ ಬಲದ ಮೇಲೆ ಮನೆಯವರನ್ನೇ ವಿಂಗಡಿಸುವುದು ಎಷ್ಟು ಸರಿ? ಮುದುಕಿಯೂ ಮಗುವೂ ಗಾಲಿಕುರ್ಚಿಯವನೂ ಒಟ್ಟಾಗಿ ಸಾಗಬಲ್ಲ ಹಾದಿಯೇ ಶರಣರ ಹಾದಿಗೆ ಹತ್ತಿರ.

ಭಕ್ತಿಯು ಸುಲಭವಲ್ಲ, ಅದು ಹೋಗುವಾಗಲೂ ಬರುವಾಗಲೂ ಕೊಯ್ಯುವ ಗರಗಸದಂತೆ ಎಂದು ಬಸವಣ್ಣನವರೇ ಹೇಳಿರುವಾಗ, ಸುಲಭದ ಹಾದಿಯನ್ನು ಹೊಗಳುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ಆದರೆ ಬಸವಣ್ಣನವರು ಹೇಳಿದ ಕಷ್ಟ ಮೊಣಕಾಲಿನದಲ್ಲ, ಮನಸ್ಸಿನದು. ಕಡಿದಾದ ಬೆಟ್ಟವನ್ನು ಅಹಂಕಾರದ ಬಲದಿಂದಲೂ ಏರಬಹುದು. ಸಮತಟ್ಟಾದ ಹಾದಿಯಲ್ಲಿ ತಾಯಿಯ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿ, ಏನನ್ನೂ ಗೆಲ್ಲದೆ, ಏನನ್ನೂ ಬೇಡದೆ ಒಂದು ಗಂಟೆ ನಡೆಯಲು ಅಹಂಕಾರ ಸಮ್ಮತಿಸುವುದಿಲ್ಲ. ಗರಗಸ ಕೊಯ್ಯುವುದು ಅಲ್ಲಿ.

ಈ ಕಾಡು ಉಳಿದು ಬಂದ ಬಗೆಯಲ್ಲೂ ಇದೇ ಪಾಠವಿದೆ. ಈ ನೆಲದ ಮೂಲನಿವಾಸಿಗಳು ಅವಾಸ್ವಾಸ್ ಭಾಷೆಯನ್ನಾಡುವ ಜನ. 1791ರಲ್ಲಿ ಸ್ಯಾಂಟಾ ಕ್ರೂಜ್‌ನಲ್ಲಿ ಸ್ಪೇನಿನವರ ಮಿಷನ್ ಸ್ಥಾಪನೆಯಾದ ಮೇಲೆ ಅವರು ತಮ್ಮ ಊರುಗಳನ್ನು ಕಳೆದುಕೊಂಡರು. ನೆಲವನ್ನು ಅವರಿಂದ ಯಾರೂ ಬೇಡಲಿಲ್ಲ, ಕೇಳದೆಯೇ ತೆಗೆದುಕೊಂಡರು. ಮುಂದೆ 19ನೆಯ ಶತಮಾನದಲ್ಲಿ ಸುಣ್ಣದ ಉದ್ಯಮ ಬಂದಿತು. ಈ ಬೆಟ್ಟಗಳ ಸುಣ್ಣಕಲ್ಲನ್ನು ಗೂಡುಗಳಲ್ಲಿ ಸುಡಲು ಬೇಕಾದ ಸೌದೆಯನ್ನು ಇದೇ ಕಾಡುಗಳಿಂದ ಕಡಿದು ತಂದರು. ಹೆನ್ರಿ ಕೊವೆಲ್ ಆ ಉದ್ಯಮದ ದೊಡ್ಡ ಒಡೆಯ. ಕ್ಯಾಲಿಫೋರ್ನಿಯಾ ತೀರದ ಪುರಾತನ ರೆಡ್‌ವುಡ್ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದರಷ್ಟು ಮಾತ್ರ. ಮರದಿಂದ ಸೌದೆಯನ್ನು ಬೇಡಿದವರ ಆಸೆಗೆ ಕೊನೆಯೇ ಇರಲಿಲ್ಲ.

ಆದರೆ 1954ರಲ್ಲಿ ಹೆನ್ರಿಯ ಮಗ ಸ್ಯಾಮ್ಯುಯೆಲ್ ಕೊವೆಲ್ ತಂದೆಯ ಹೆಸರಿನಲ್ಲಿ ಸುಮಾರು 1600 ಎಕರೆ ನೆಲವನ್ನು ರಾಜ್ಯಕ್ಕೆ ಬಿಟ್ಟುಕೊಟ್ಟ. ಜಿಲ್ಲಾಡಳಿತ 1930ರ ವೇಳೆಗೆ ಕೊಂಡು ಕಾಪಾಡಿದ್ದ ತೋಪು ಅದರೊಡನೆ ಸೇರಿ ಈ ಪಾರ್ಕ್ ಆಯಿತು. 1972ರಲ್ಲಿ ಫಾಲ್ ಕ್ರೀಕ್ ಎಂಬ ತೊರೆಯ ಕಣಿವೆಯೂ ಕೊವೆಲ್ ಪ್ರತಿಷ್ಠಾನದಿಂದ ಬಂದು ಕೂಡಿತು. ಆ ತೊರೆಯ ಬದಿಯ ಹಾದಿಯಲ್ಲಿ ಸಾಗಿದವರಿಗೆ ಪಾಚಿಗಟ್ಟಿದ ಹಳೆಯ ಸುಣ್ಣದ ಗೂಡುಗಳು ಇಂದಿಗೂ ಕಾಣುತ್ತವೆ.

ಇದು ದಾನವೋ ದಾಸೋಹವೋ? ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ ತನ್ನದೆಂಬುದೇ ಇರುವುದಿಲ್ಲ. ಫಲಕದ ಮೇಲೆ ಮನೆತನದ ಹೆಸರಿರುವಾಗ ಅದನ್ನು ಪೂರ್ಣ ದಾಸೋಹವೆನ್ನಲಾಗದು. ಕಡಿದ ಮರಗಳ ಲೆಕ್ಕವನ್ನೂ ಅದು ಅಳಿಸಲಾರದು. ಆದರೂ ಕೊಟ್ಟವನಿಂದ ಅರ್ಧವಾಗಿ ಉಳಿದ ದಾಸೋಹವನ್ನು ಪಡೆದವನು ಪೂರ್ಣಗೊಳಿಸಬಹುದು. ದೊರೆತುದನ್ನು ಕುಂದಿಲ್ಲದೆ ಮುಂದಿನವರ ಕೈಗೆ ದಾಟಿಸಿದರೆ ಅದು ಪ್ರಸಾದವಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನವರನ್ನು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನಪಾಗಬೇಕು. ನೆಲಕ್ಕೆ ಬಿದ್ದ ಪುಟ್ಟ ಕಾಯಿಯೊಂದನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವ ಕೈಯನ್ನು ತಡೆಯುವವಳು ಲಕ್ಕಮ್ಮನೇ. ಸ್ಟೇಟ್ ಪಾರ್ಕಿನ ಕಾನೂನೂ ಅದನ್ನು ನಿಷೇಧಿಸಿದೆ. ಆದರೆ ಶರಣಭಕ್ತನಿಗೆ ಕಾನೂನಿಗಿಂತ ಮೊದಲೇ ಲಕ್ಕಮ್ಮನ ಮಾತು ಕೇಳಿಸಬೇಕು.

ಹಾದಿಯನ್ನು ಬಿಟ್ಟು ಮರದ ಬುಡಕ್ಕೆ ಹೋಗಬಾರದೆಂಬ ಸೂಚನೆಗೂ ಕಾರಣವಿದೆ. ಮುಗಿಲು ಮುಟ್ಟುವ ಈ ಮರಗಳಿಗೆ ಆಳಕ್ಕಿಳಿಯುವ ತಾಯಿಬೇರಿಲ್ಲ. ಅವುಗಳ ಬೇರು ನೆಲದ ಮೇಲ್ಪದರದಲ್ಲೇ ಬಹುದೂರ ಹರಡಿ, ನೆರೆಯ ಮರಗಳ ಬೇರುಗಳೊಡನೆ ಹೆಣೆದುಕೊಂಡಿರುತ್ತದೆ. ಒಬ್ಬರನ್ನೊಬ್ಬರು ಹಿಡಿದುಕೊಂಡೇ ಅವು ನಿಂತಿವೆ. ಜನರ ತುಳಿತಕ್ಕೆ ಮಣ್ಣು ಗಟ್ಟಿಯಾದರೆ ಆ ಬೇರುಗಳು ಸೊರಗುತ್ತವೆ. ಭಕ್ತಿಯಿಂದಲೇ ಆದರೂ ಬುಡವನ್ನು ತಬ್ಬಲು ಸಾವಿರ ಜನ ಹೋದರೆ ಮರಕ್ಕೆ ಕೇಡು. ನದಿಗೂ ಹೂವು, ಹಾಲು, ದೀಪಗಳ ಅಗತ್ಯವಿಲ್ಲ. ಕಡಲಿನಿಂದ ಮೇಲೇರಿ ಬಂದು ಮೊಟ್ಟೆಯಿಡುವ ಸ್ಟೀಲ್‌ಹೆಡ್ ಮೀನುಗಳಿಗೆ ಆ ನೀರು ಮನೆ. ಕರಸ್ಥಲದಲ್ಲಿ ಲಿಂಗವಿರುವವನಿಗೆ ನದಿಯಲ್ಲಿ ಬಿಡಬೇಕಾದುದೇನೂ ಇಲ್ಲ.

ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಎಂಬ ಬಸವಣ್ಣನವರ ನಿಲುವನ್ನು ಹಿಡಿದು, ನಿಂತ ಮರವನ್ನು ಸ್ಥಾವರವೆಂದು ಕಡೆಗಣಿಸುವವರೂ ಇದ್ದಾರೆ. ಉಳ್ಳವರು ತಮ್ಮ ಕೀರ್ತಿಗಾಗಿ ಕಟ್ಟಿ ನಿಲ್ಲಿಸಿದುದಕ್ಕೆ ಆ ಮಾತು ಸಲ್ಲುತ್ತದೆ. ಜೀವಂತ ಮರದ ಕಥೆ ಬೇರೆ. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಫಾಲ್ ಕ್ರೀಕ್ ಕಣಿವೆಯನ್ನು ಸುಟ್ಟಿತು. ಸಮೀಪದ ಬಿಗ್ ಬೇಸಿನ್, ಅಂದರೆ 1902ರಲ್ಲಿ ಸ್ಥಾಪನೆಯಾದ ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್, ಬಹುಪಾಲು ಉರಿದುಹೋಯಿತು. ಅಲ್ಲಿದ್ದ ಕಟ್ಟಡಗಳು ಬೂದಿಯಾದವು. ಕರಿಯ ಕಂಬಗಳಂತೆ ನಿಂತ ರೆಡ್‌ವುಡ್‌ಗಳು ತೊಗಟೆಯ ಒಳಗಿನಿಂದಲೇ ಹಸಿರು ಚಿಗುರನ್ನು ಹೊರಡಿಸಿದವು. ಕಟ್ಟಿದುದು ಅಳಿಯಿತು, ಬೆಳೆದುದು ಚಿಗುರಿತು. ನಿಂತಲ್ಲೇ ನಿಂತು ಜಂಗಮವಾಗಿರುವ ಬಗೆಯನ್ನು ಆ ಮರಗಳು ತೋರಿಸಿದವು. ಆದರೂ ಅವು ಅಮರವಲ್ಲ. ಅಳಿವುಂಟೆಂಬ ಕಾರಣಕ್ಕೆ ಅವುಗಳನ್ನು ನೆಚ್ಚಬಾರದು. ಅದೇ ಕಾರಣಕ್ಕೆ ಅವುಗಳನ್ನು ಕಾಯಬೇಕು.

ಅಕ್ಕಮಹಾದೇವಿ ತಾಯಿಯವರು ಶ್ರೀಶೈಲದ ಕಾಡಿನಲ್ಲಿ ನಡೆದಾಗ ಹಕ್ಕಿಗಳನ್ನೂ ದುಂಬಿಗಳನ್ನೂ ಮಾತನಾಡಿಸಿದರು. ಅವರು ಅವುಗಳಿಂದ ಫಲವನ್ನು ಕೇಳಲಿಲ್ಲ, ರಕ್ಷಣೆಯನ್ನು ಕೇಳಲಿಲ್ಲ. ಚೆನ್ನಮಲ್ಲಿಕಾರ್ಜುನನ ಸುಳಿವನ್ನಷ್ಟೇ ಕೇಳಿದರು. ಕಾಡಿನಲ್ಲಿ ಭಕ್ತನಿಗೆ ಸಲ್ಲುವ ಬೇಡಿಕೆ ಅದೊಂದೇ. ಅದಕ್ಕೆ ಎತ್ತರದ ಶಿಖರ ಬೇಕಿಲ್ಲ, ದೂರದ ಲೆಕ್ಕವೂ ಬೇಕಿಲ್ಲ.

ಆದುದರಿಂದ ಮುಂದಿನ ಭಾನುವಾರ ಮನೆಯಲ್ಲಿ ಹಾದಿಯ ಆಯ್ಕೆ ನಡೆಯುವಾಗ, ಅತ್ಯಂತ ನಿಧಾನವಾಗಿ ನಡೆಯುವವರನ್ನು ಮೊದಲು ಕೇಳುವುದು ಶರಣಧರ್ಮ. ಅವರು ನಡೆಯಬಲ್ಲಷ್ಟೇ ದೂರ ಎಲ್ಲರೂ ನಡೆಯಲಿ. ಅವರು ಕುಳಿತಲ್ಲಿ ಎಲ್ಲರೂ ಕುಳಿತು ಬುತ್ತಿ ಬಿಚ್ಚಲಿ. ಮರಗಳನ್ನು ಒಂದು ಸುತ್ತು ಬಂದು, ಹೋದ ಕೈಯಲ್ಲೇ ಮರಳಲಿ. ಆ ಪ್ರದಕ್ಷಿಣೆಯನ್ನು ಕಂಡರೆ ಬಸವಣ್ಣನವರು ನಗಲಾರರು. ನಕ್ಕರೂ ಅದು ಗೇಲಿಯ ನಗೆಯಾಗಿರದು.