ಪೆಟ್ಟಿಗೆ ಹೇಳದ ಲೆಕ್ಕ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆಯಾಯಿತೆಂದರೆ ಸದ್ದಿಗೆ ಬರವಿಲ್ಲ. ಕಾಯಿಪಲ್ಲೆಯವರ ಕೂಗು, ಮಿರ್ಚಿ ಕರಿಯುವ ಎಣ್ಣೆಯ ಚುರುಗುಟ್ಟುವಿಕೆ, ಗಿರಮಿಟ್ಟು ಕಲಸುವ ಪಾತ್ರೆಯ ತಾಳ, ಜನಸಂದಣಿಯಲ್ಲಿ ಸಿಕ್ಕಿಬಿದ್ದ ವಾಹನಗಳ ಅಸಹನೆ ಎಲ್ಲವೂ ಅಲ್ಲಿ ಒಟ್ಟಿಗೆ ಕೇಳಿಸುತ್ತವೆ. ಈ ಮೇಳಕ್ಕೆ ಕೆಲವು ವರ್ಷಗಳಿಂದ ಇನ್ನೊಂದು ಕಂಠವೂ ಸೇರಿಕೊಂಡಿದೆ. ತಕ್ಕಡಿಯ ಪಕ್ಕದಲ್ಲಿ ಕುಳಿತ ಅಂಗೈಯಗಲದ ಪೆಟ್ಟಿಗೆಯೊಂದು, ಗಿರಾಕಿ ಮೊಬೈಲನ್ನು ಕಪ್ಪು ಬಿಳುಪಿನ ಚೌಕದ ಮುಂದೆ ಹಿಡಿದ ಮರುಕ್ಷಣವೇ, ಇಂತಿಷ್ಟು ರೂಪಾಯಿ ಸ್ವೀಕರಿಸಲಾಗಿದೆ ಎಂದು ಅಚ್ಚ ಗ್ರಂಥಸ್ಥ ಕನ್ನಡದಲ್ಲಿ ಸಾರುತ್ತದೆ. ಅದು ಬಾಯಿ ತೆರೆಯುವವರೆಗೆ ಅಂಗಡಿಯವನು ಚೀಲವನ್ನು ಕೈಬಿಡುವುದಿಲ್ಲ. “ಪೆಟಗಿ ಇನ್ನಾ ಒದರಿಲ್ಲರೀ, ಚೂರು ತಡೀರಿ” ಎಂಬುದು ಈಗಿನ ಪೇಟೆಯ ಹೊಸ ನುಡಿಗಟ್ಟು.

ಯಂತ್ರವೊಂದು ಮನುಷ್ಯನ ಮಾತಿಗಿಂತ ಹೆಚ್ಚಿನ ಸಾಕ್ಷಿಯಾಗುವ ಈ ಸ್ಥಿತಿ ಬಂದದ್ದು ಬಹಳ ಹಿಂದೇನಲ್ಲ. ಯುಪಿಐ ಎಂದು ಎಲ್ಲರ ಬಾಯಲ್ಲಿರುವ ಈ ಪಾವತಿ ಪದ್ಧತಿಯನ್ನು ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್ ತಿಂಗಳಲ್ಲಿ ಮುಂಬಯಿಯಲ್ಲಿ ಪ್ರಕಟಿಸಿತು. ಅದೇ ವರ್ಷದ ನವೆಂಬರ್ 8ರ ರಾತ್ರಿ ಐನೂರು ಹಾಗೂ ಸಾವಿರ ರೂಪಾಯಿಗಳ ನೋಟುಗಳು ರದ್ದಾದವು. ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತು ದಣಿದ ಜನರಿಗೆ, ಜೇಬಿನ ಮೊಬೈಲಿನಿಂದಲೇ ಹಣ ಕೊಡಬಹುದೆಂಬುದು ವರದಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಮಹಾಮಾರಿಯ ದಿನಗಳಲ್ಲಿ ನೋಟನ್ನು ಮುಟ್ಟಲು ಜನ ಹೆದರಿದಾಗ ಈ ರೂಢಿ ಇನ್ನಷ್ಟು ಬೇರೂರಿತು. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ದೇಶದಲ್ಲಿ ಈ ಬಗೆಯ ಪಾವತಿಗಳ ಸಂಖ್ಯೆ ಎರಡು ಸಾವಿರ ಕೋಟಿಯನ್ನು ದಾಟಿತು.

ಇದರ ಕಾರ್ಯವಿಧಾನವನ್ನು ಮನೆಯವರೆಲ್ಲರೂ ಒಮ್ಮೆ ತಿಳಿದಿರುವುದು ಒಳ್ಳೆಯದು. ಗಿರಾಕಿ ಒತ್ತುವ ಗುಂಡಿ ಆ್ಯಪಿನದಾದರೂ ಹಣ ಆ್ಯಪಿನ ಕಂಪೆನಿಯ ಕೈಸೇರುವುದಿಲ್ಲ. ಆ್ಯಪು ಓಲೆಕಾರನಂತೆ ಸುದ್ದಿಯನ್ನು ಮಾತ್ರ ಒಯ್ಯುತ್ತದೆ. ಪಾವತಿ ನಿಗಮದ ಯಂತ್ರವು ಗಿರಾಕಿಯ ಬ್ಯಾಂಕಿಗೆ ತಿಳಿಸುತ್ತದೆ, ಅಲ್ಲಿ ಹಣ ಖರ್ಚು ಬೀಳುತ್ತದೆ. ಅಂಗಡಿಯವನ ಬ್ಯಾಂಕಿಗೆ ತಿಳಿಸುತ್ತದೆ, ಅಲ್ಲಿ ಜಮಾ ಆಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಓಡಾಟದಲ್ಲಿ ಪ್ರತಿಯೊಂದು ಘಟ್ಟದಲ್ಲಿಯೂ ಒಂದು ದಾಖಲೆ ಉಳಿಯುತ್ತದೆ. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಉಳಿಯುತ್ತದೆ.

ಇದರ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಚಿಲ್ಲರೆ ಇಲ್ಲವೆಂದು ಪೆಪ್ಪರಮಿಂಟು ಕೊಟ್ಟು ಕಳಿಸುವ ಕಾಲ ಹೋಯಿತು. ದೂರದ ಊರಿನಲ್ಲಿ ಓದುವ ಮಗನಿಗೆ ತಂದೆ ಮನಿಯಾರ್ಡರು ಮಾಡಿ ವಾರಗಟ್ಟಲೆ ಕಾಯಬೇಕಾಗಿಲ್ಲ. ಹಣ ಕೊಟ್ಟಂತೆ ಸುಳ್ಳು ಚಿತ್ರ ತೋರಿಸಿ ಸರಕು ಒಯ್ಯುವ ಠಕ್ಕರಿಗೆ ಒದರುವ ಪೆಟ್ಟಿಗೆಯೇ ಕಾವಲುಗಾರ. ಅಕ್ಷರ ಬಾರದ ಮುದುಕಿಯೂ ಕಿವಿಯಿಂದಲೇ ಲೆಕ್ಕ ಹಿಡಿಯಬಲ್ಲಳು. ಇಷ್ಟೆಲ್ಲ ಒಳಿತು ಮಾಡಿದ ಯಂತ್ರವನ್ನು 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ಎಷ್ಟೋ ವ್ಯಾಪಾರಿಗಳು ದೂರವಿಟ್ಟು, “ನಗದು ಮಾತ್ರ” ಎಂದು ಬರೆದ ಹಲಗೆಯನ್ನು ಅಂಗಡಿಯ ಮುಂದೆ ತೂಗುಹಾಕಿದರು. ಏಕೆ?

ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021–22ರಿಂದ 2024–25ರವರೆಗಿನ ನಾಲ್ಕು ವರ್ಷಗಳ ಯುಪಿಐ ಜಮೆಯನ್ನು ತರಿಸಿಕೊಂಡು ನೋಡಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನೂ, ಸೇವೆ ಒದಗಿಸುವವರದು 20 ಲಕ್ಷವನ್ನೂ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ಆಗಿನ ನಿಯಮ. ಗೆರೆ ದಾಟಿಯೂ ನೋಂದಣಿ ಮಾಡಿಸದಿದ್ದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳು ಹೋದವು. ಹುಬ್ಬಳ್ಳಿಗೆ ನೆರೆಯ ಹಾವೇರಿಯಲ್ಲಿ ತರಕಾರಿ ಮಾರುವ ಒಬ್ಬರಿಗೆ, ನಾಲ್ಕು ವರ್ಷಗಳಲ್ಲಿ 1 ಕೋಟಿ 63 ಲಕ್ಷ ರೂಪಾಯಿ ಜಮಾ ಆಗಿದೆಯೆಂದೂ 29 ಲಕ್ಷ ರೂಪಾಯಿ ತೆರಿಗೆ ಕಟ್ಟಬೇಕೆಂದೂ ನೋಟೀಸು ಬಂದ ಸುದ್ದಿ ಮನೆಮನೆಯ ಮಾತಾಯಿತು. ತಾಜಾ ತರಕಾರಿಯ ಮೇಲೆ ಜಿಎಸ್‌ಟಿಯೇ ಇಲ್ಲವೆಂಬುದು ಇನ್ನೂ ದೊಡ್ಡ ಮಾತಾಯಿತು.

ಇಲ್ಲಿ ಸ್ವಲ್ಪ ಗಣಿತವನ್ನು ಮಾಡಿ ನೋಡಬೇಕು. 1 ಕೋಟಿ 63 ಲಕ್ಷವೆಂದರೆ ಕೇಳಲು ದೊಡ್ಡ ಮೊತ್ತ. ನಾಲ್ಕು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 40 ಲಕ್ಷ 75 ಸಾವಿರ. ದಿನಕ್ಕೆ ಸುಮಾರು 11 ಸಾವಿರ. ತರಕಾರಿಯಂಥ ಬಾಡುವ ಸರಕಿನಲ್ಲಿ ನೂರಕ್ಕೆ ಹತ್ತು ಉಳಿಯಿತೆಂದಿಟ್ಟುಕೊಂಡರೆ ದಿನದ ಗಳಿಕೆ 1,100 ರೂಪಾಯಿ. ತಿಂಗಳಿಗೆ ಅದು ಒಬ್ಬ ಗುಮಾಸ್ತನ ಸಂಬಳ. ನಾಲ್ಕು ವರ್ಷ ಬೆಳಗಿನ ಜಾವ ಎದ್ದು ಮಾರುಕಟ್ಟೆಗೆ ಓಡಿ, ಬಿಸಿಲು ಮಳೆಯೆನ್ನದೆ ಕುಳಿತು ಸಂಪಾದಿಸಿದ್ದು ಒಟ್ಟು 16 ಲಕ್ಷದ ಆಸುಪಾಸು. ಕೇಳಿದ ತೆರಿಗೆ 29 ಲಕ್ಷ. ಗಳಿಕೆಗಿಂತ ಕಂದಾಯವೇ ದೊಡ್ಡದಾದಾಗ ಯಾರ ಎದೆ ಒಡೆಯದು?

ವ್ಯಾಪಾರಿಗಳು ಜುಲೈ 25ರಂದು ಬಂದ್‌ಗೆ ಕರೆಕೊಟ್ಟರು. ನೋಟೀಸೆಂಬುದು ಅಂತಿಮ ಆದೇಶವಲ್ಲ, ಉತ್ತರ ಕೊಡಲು ಅವಕಾಶವಿದೆ ಎಂದು ಇಲಾಖೆ ತಿಳಿಸಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಇನ್ನು ಮುಂದೆ ನೋಂದಣಿ ಮಾಡಿಸಬೇಕೆಂದೂ ಹೇಳಿದರು. ಬಂದ್ ನಿಂತಿತು. ಗದ್ದಲವೂ ನಿಂತಿತು. ಆದರೆ ಗದ್ದಲ ನಿಂತಿತೆಂದು ಪ್ರಶ್ನೆ ಮುಗಿದಂತಾಗಲಿಲ್ಲ.

ಪ್ರಶ್ನೆಯ ಬೇರು ಆ ಪೆಟ್ಟಿಗೆಯ ಸ್ವಭಾವದಲ್ಲಿಯೇ ಇದೆ. ಅದು ಜಮೆಯನ್ನು ಮಾತ್ರ ಹೇಳುತ್ತದೆ, ಖರ್ಚನ್ನು ಹೇಳುವುದಿಲ್ಲ. ಅಮರಗೋಳದ ಮಾರುಕಟ್ಟೆಯಿಂದ ಸರಕು ತಂದ ಬೆಲೆ ಅದಕ್ಕೆ ತಿಳಿಯದು. ಕೊಳೆತು ಬೀದಿಗೆ ಚೆಲ್ಲಿದ ಟೊಮ್ಯಾಟೊ ಅದಕ್ಕೆ ಕಾಣದು. ಮೇಲಾಗಿ, ಹಣ ಎಂಬುದರ ಜಾತಿ ಕುಲಗಳನ್ನೂ ಅದು ಅರಿಯದು. ತರಕಾರಿಗೆ ಬಂದ ಹಣ, ಮೈದುನ ಮರಳಿಸಿದ ಕೈಗಡ, ಬೆಂಗಳೂರಿನಲ್ಲಿ ದುಡಿಯುವ ಮಗ ಹಬ್ಬಕ್ಕೆ ಕಳಿಸಿದ ಹಣ, ಭಿಶಿಯ ಸರದಿ ಬಂದಾಗ ಕೈಸೇರಿದ ಗಂಟು ಎಲ್ಲವೂ ಅದಕ್ಕೆ ಒಂದೇ: “ಸ್ವೀಕರಿಸಲಾಗಿದೆ.” ಒಂದೇ ಖಾತೆಯಲ್ಲಿ ಮನೆಯೂ ಅಂಗಡಿಯೂ ಕೂಡಿಕೊಂಡಿರುವಾಗ, ದೂರದ ಕಚೇರಿಯಲ್ಲಿ ಕುಳಿತು ಮೊತ್ತವನ್ನಷ್ಟೇ ನೋಡುವ ಅಧಿಕಾರಿಗೆ ಅವನ್ನು ಬೇರ್ಪಡಿಸುವ ದಾರಿಯಾದರೂ ಯಾವುದು?

ಲೆಕ್ಕದ ಜಗಳ ಹುಬ್ಬಳ್ಳಿಗೆ ಹೊಸದಲ್ಲ. 1673ರಲ್ಲಿ ಮರಾಠಾ ಸೈನ್ಯ ಈ ಊರನ್ನು ಸೂರೆಮಾಡಿದಾಗ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಮಳಿಗೆಯೂ ಲೂಟಿಯಾಯಿತು. ತನ್ನ ನಷ್ಟ ಸುಮಾರು 7,900 ಪಗೋಡವೆಂದು ಕಂಪೆನಿ ಲೆಕ್ಕ ತೋರಿಸಿ ಪರಿಹಾರ ಕೇಳಿತು. ಎದುರು ಪಕ್ಷದ ಲೆಕ್ಕದಲ್ಲಿ ಅದು ತೀರ ಅಲ್ಪವಾಗಿತ್ತು. ಯಾರ ಲೆಕ್ಕ ನಿಜವೋ, ಆ ಮಾತು ಇತಿಹಾಸಕಾರರಿಗಿರಲಿ. ಗಮನಿಸಬೇಕಾದದ್ದು ಇಷ್ಟೇ: ಇಬ್ಬರ ಕೈಯಲ್ಲಿಯೂ ಒಂದೊಂದು ಲೆಕ್ಕವಿತ್ತು, ಆದುದರಿಂದಲೇ ವಾದವಾದರೂ ಸಾಧ್ಯವಾಯಿತು. 2025ರಲ್ಲಿ ನೋಟೀಸು ಹಿಡಿದು ಕುಳಿತ ಎಷ್ಟೋ ವ್ಯಾಪಾರಿಗಳ ಕೈಯಲ್ಲಿ ಎದುರಿಗಿಡಲು ಲೆಕ್ಕವೇ ಇರಲಿಲ್ಲ.

ಹಿಂದೆ ಹಾಗಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಹುಬ್ಬಳ್ಳಿಯ ಹತ್ತಿ, ಕಾಳು, ಬಟ್ಟೆಗಳ ಪೇಟೆಯಲ್ಲಿ ದಿನದ ವಹಿವಾಟು ಕಿರ್ದಿಗೆ ಏರದೆ ಅಂಗಡಿಯ ಬಾಗಿಲು ಮುಚ್ಚುತ್ತಿರಲಿಲ್ಲ. ಜಮಾ ಒಂದು ಬದಿ, ಖರ್ಚು ಇನ್ನೊಂದು ಬದಿ. ಉದ್ರಿ ಒಯ್ದವರ ಹೆಸರು ಬೇರೆ. ದೀಪಾವಳಿಯಲ್ಲಿ ಲಕ್ಷ್ಮಿಯ ಮುಂದೆ ಹಣದ ಜೊತೆಗೆ ಲೆಕ್ಕದ ಪುಸ್ತಕವನ್ನೂ ಇಟ್ಟು ಪೂಜಿಸಿದರು. ಲಕ್ಷ್ಮಿ ಬರುವುದಷ್ಟೇ ಸಾಲದು, ಬಂದ ದಾರಿಯೂ ಹೋದ ದಾರಿಯೂ ತಿಳಿದಿರಬೇಕೆಂಬುದು ಆ ಪೂಜೆಯ ಅರ್ಥ. ಮೊಬೈಲು ಎಲ್ಲವನ್ನೂ ಬರೆದಿಡುತ್ತದೆಂಬ ನಂಬಿಕೆಯಲ್ಲಿ ಹಲವರ ಕೈಯಿಂದ ಆ ಪುಸ್ತಕ ಜಾರಿತು. ಸಣ್ಣ ಗೂಡಂಗಡಿಯವರಿಗಾದರೋ ಅದು ಮೊದಲಿನಿಂದಲೂ ಇರಲಿಲ್ಲ.

ಈಗ ಒಂದು ವಿಚಿತ್ರವನ್ನು ನೋಡಬಹುದು. 2020ರಲ್ಲಿ ಇಂಥ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳಬಾರದೆಂದು ಸರ್ಕಾರ ನಿಯಮಿಸಿತು. ಆದರೂ ಕಂಪೆನಿಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದು ಗೋಡೆಗೋಡೆಗೆ ಚೌಕಗಳನ್ನು ಅಂಟಿಸಿದವು. ಬೆಂಗಳೂರಿನಲ್ಲಿ ಹುಟ್ಟಿದ ಫೋನ್‌ಪೇ, ಅಮೆರಿಕದ ಗೂಗಲ್ ಕಂಪೆನಿಯ ಗೂಗಲ್ ಪೇ ಎರಡೇ ಸೇರಿ ದೇಶದ ಪಾವತಿಗಳ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ತಮ್ಮದಾಗಿಸಿಕೊಂಡವು. ಪುಕ್ಕಟೆ ಕೆಲಸಕ್ಕೆ ಇಷ್ಟು ಪೈಪೋಟಿಯೇ? ಪೆಟ್ಟಿಗೆಯ ಬಾಡಿಗೆ, ಸಾಲ, ವಿಮೆ, ಜಾಹೀರಾತು ಇವುಗಳಲ್ಲಿದೆ ಅವುಗಳ ಫಲ. ಅಂಗಡಿಗೆ ದಿನನಿತ್ಯ ಎಷ್ಟು ಜಮಾ ಆಗುತ್ತದೆಂಬುದನ್ನು ನೋಡಿ, “ಇಂತಿಷ್ಟು ಸಾಲ ಸಿದ್ಧವಾಗಿದೆ” ಎಂಬ ಆಹ್ವಾನ ಬರುತ್ತದೆ. ಅದು ತಪ್ಪೆಂದಲ್ಲ, ಸಾಹುಕಾರನ ಮನೆ ತಿರುಗಿ ಬೇಸತ್ತವನಿಗೆ ಅದು ಆಧಾರವೂ ಆದೀತು. ಆದರೆ ಒಂದೇ ದಾಖಲೆಯನ್ನು ಕಂಪೆನಿ ಸಾಲಕ್ಕಾಗಿ ಓದುತ್ತದೆ, ಸರ್ಕಾರ ತೆರಿಗೆಗಾಗಿ ಓದುತ್ತದೆ. ಓದದೆ ಉಳಿದವನು ಒಬ್ಬನೇ: ಯಾರ ಬೆವರಿನ ದಾಖಲೆಯೋ ಅವನು!

ಸಂಬಳದಾರರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. “ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗುತ್ತದೆ. ವ್ಯಾಪಾರಿಗೆ ಮಾತ್ರ ರಿಯಾಯಿತಿ ಏಕೆ?” ಆಕ್ಷೇಪ ನ್ಯಾಯವಾದದ್ದೇ. ಗೆರೆ ದಾಟಿದವರು ತೆರಿಗೆ ಕೊಡಲೇಬೇಕು; ರಸ್ತೆ, ದೀಪ, ಆಸ್ಪತ್ರೆಗಳು ಆಕಾಶದಿಂದ ಉದುರುವುದಿಲ್ಲ. ಆದರೆ ಸಂಬಳದಾರನಿಗೆ ಲೆಕ್ಕ ಬರೆದುಕೊಡಲು ಒಂದು ಕಚೇರಿಯೇ ಇದೆ. ಗಿರಮಿಟ್ಟಿನ ಗಾಡಿಯವನಿಗೆ ಯಾರಿದ್ದಾರೆ? ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ವಹಿವಾಟಿನವರಿಗೆ ರಾಜಿ ಪದ್ಧತಿ ಎಂಬ ಸುಲಭ ಮಾರ್ಗವೊಂದನ್ನು ಕಾನೂನೇ ಇಟ್ಟಿತ್ತು. ಸರಕು ಮಾರುವವರು ನೂರಕ್ಕೆ ಒಂದು, ಊಟ ತಿಂಡಿ ಕೊಡುವವರು ನೂರಕ್ಕೆ ಐದು ಕಟ್ಟಿದರೆ ಸಾಕೆಂಬುದು ಅದರ ಸಾರ. ಇದು ನೋಟೀಸಿಗಿಂತ ಮೊದಲು ಸಂತೆಯಲ್ಲಿ ಕನ್ನಡದಲ್ಲಿ ಕೇಳಿಬಂದಿದ್ದರೆ, ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತಲೆಗೆ ಕೈಹೊತ್ತು ಕೂರುವ ಪ್ರಸಂಗ ಬರುತ್ತಿರಲಿಲ್ಲ.

ನಗದಿಗೆ ಮರಳಿದರೆ ಪಾರಾದೆವೆಂದು ತಿಳಿಯುವುದೂ ಭ್ರಮೆ. ಕಾನೂನು ಕೇಳುವುದು ವಹಿವಾಟು ಎಷ್ಟೆಂದು. ಅದು ನೋಟಿನಲ್ಲಿ ಬಂದರೂ ಒಂದೇ, ಮೊಬೈಲಿನಲ್ಲಿ ಬಂದರೂ ಒಂದೇ. ಪೆಟ್ಟಿಗೆಯ ಬಾಯಿ ಮುಚ್ಚಿಸುವುದು ಗಡಿಯಾರ ನಿಲ್ಲಿಸಿ ಹೊತ್ತು ತಡೆದಂತೆ.

ಮಾಡಬೇಕಾದ ಕೆಲಸ ಬೇರೆಯೇ ಇದೆ, ಅದು ಕಷ್ಟವೂ ಅಲ್ಲ. ಅಂಗಡಿಗೊಂದು ಬ್ಯಾಂಕು ಖಾತೆ, ಮನೆಗೊಂದು ಖಾತೆ ಬೇರೆ ಬೇರೆಯಾಗಿರಲಿ. ಸರಕು ಕೊಂಡ ಚೀಟಿಗಳು ಒಂದು ಡಬ್ಬಿಗೆ ಬೀಳಲಿ. ರಾತ್ರಿ ಊಟಕ್ಕೆ ಮೊದಲು ಹತ್ತು ನಿಮಿಷ, ಜಮಾ ಎಷ್ಟು, ಖರ್ಚು ಎಷ್ಟು, ಉದ್ರಿ ಯಾರದು ಎಂಬ ಮೂರು ಸಾಲು ಒಂದು ನೋಟುಬುಕ್ಕಿನಲ್ಲಿ ಬಿದ್ದರೆ ಸಾಕು. ಶಾಲೆಗೆ ಹೋಗುವ ಮಗಳಿದ್ದರೆ ಅವಳಿಗಿಂತ ಒಳ್ಳೆಯ ಕಾರಕೂನ ಬೇಕಿಲ್ಲ. ಈ ಮಾತು ಪೇಟೆಯವರಿಗೆ ಮಾತ್ರವೂ ಅಲ್ಲ. ಮನೆಯಲ್ಲಿಯೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಅಕ್ಕ, ಶೇಂಗಾ ಚಟ್ನಿ ಕುಟ್ಟಿ ಮಾರುವ ಅತ್ತಿಗೆ, ಕುಪ್ಪಸ ಹೊಲಿಯುವ ತಂಗಿ, ಸಂಜೆ ಮನೆಪಾಠ ಹೇಳುವ ಅಣ್ಣ ಎಲ್ಲರೂ ಇಂದು ಅದೇ ಚೌಕದ ಮೂಲಕವೇ ಹಣ ಪಡೆಯುತ್ತಾರೆ. ಅವರ ವಹಿವಾಟು ಗೆರೆಗಿಂತ ಎಷ್ಟೋ ಕೆಳಗಿದ್ದೀತು. ಆದರೂ ಕೆಳಗಿದೆಯೆಂದು ತೋರಿಸಲು ಒಂದು ಪುಸ್ತಕ ಬೇಕಷ್ಟೆ.

ಕಂಪೆನಿಗಳಿಗೂ ಒಂದು ಕರ್ತವ್ಯವುಂಟು. ಪ್ರತಿ ಹತ್ತು ರೂಪಾಯಿಯನ್ನೂ ಊರಿಗೆಲ್ಲ ಕೇಳುವಂತೆ ಸಾರಬಲ್ಲ ಪೆಟ್ಟಿಗೆಗೆ, “ಈ ವರ್ಷದ ಜಮಾ 35 ಲಕ್ಷವಾಯಿತು, ಗೆರೆ ಹತ್ತಿರ ಬಂತು” ಎಂದು ಯಜಮಾನನ ಕಿವಿಯಲ್ಲಿ ಮೆಲ್ಲಗೆ ಹೇಳಲು ಕಲಿಸುವುದು ದೊಡ್ಡ ವಿದ್ಯೆಯೇನಲ್ಲ. ಸಾಲದ ಆಹ್ವಾನಕ್ಕೆ ಸಿಗುವ ಕನ್ನಡ, ಎಚ್ಚರಿಕೆಯ ಮಾತಿಗೂ ಸಿಗಬೇಕು.

ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಕೇಳಿದಷ್ಟನ್ನೇ ಹೇಳುವ ಸಾಕ್ಷಿಯ ಮಾತಿನ ಮೇಲೆ ಸಂಸಾರವನ್ನು ನಡೆಸಲಾಗದು. ಅದು ಬಂದದ್ದನ್ನು ಹೇಳಲಿ. ಹೋದದ್ದನ್ನೂ ಉಳಿದದ್ದನ್ನೂ ಬರೆದಿಡುವ ಕೈ ಮನೆಯದೇ ಆಗಿರಲಿ.