ಹಮಾಲನಿಗೆ ತಿಳಿದದ್ದು ಟೆಕ್ಕಿಗೇಕೆ ತಿಳಿಯದು?

‘ಟೆಕ್ಕಿಗಳಿಗೆ ರಾಜಕೀಯ ಬೇಡ, ವೋಟೂ ಹಾಕುವುದಿಲ್ಲ’ ಎಂಬ ದೂರು ಪ್ರತಿ ಚುನಾವಣೆಗೂ ಏಳುತ್ತದೆ. 2024ರಲ್ಲಿ ಬೆಂಗಳೂರು ದಕ್ಷಿಣದ ಮತದಾನ ಶೇ 53ರ ಆಸುಪಾಸಿನಲ್ಲೇ ನಿಂತಾಗಲೂ ಬೈಗುಳ ತಿಂದವರು ಅವರೇ. ಬೈದವರು ಒಂದು ಮಾತು ಮರೆತರು: ಬೆಂಗಳೂರಿನಲ್ಲಿ ಕೋಡ್ ಬರೆಯುವ ಎಷ್ಟೋ ಹುಡುಗರ ಹೆಸರಿರುವುದು ಕುಷ್ಟಗಿ, ಯಲಬುರ್ಗಾದ ಮತಪಟ್ಟಿಯಲ್ಲಿ. ರಾಜಧಾನಿ ಏಪ್ರಿಲ್ 26ಕ್ಕೆ ಮತ ಹಾಕಿತು. ಆ ಊರುಗಳಿರುವ ಕೊಪ್ಪಳದ ಸರದಿ ಮೇ 7ಕ್ಕೆ. ರಾತ್ರಿ ಬಸ್ಸಿಗೆ ಊರಿಗೆ ಹೋಗಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಮರುದಿನ ಲಾಗಿನ್ ಆದವರನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀರಿ?

ನನ್ನ ತಕರಾರು ವೋಟು ಹಾಕಿ ಬಂದ ಮೇಲಿನ ಅವರ ಮೌನದ ಬಗ್ಗೆ.

ಅದೇ ವರ್ಷದ ಜುಲೈ ನೆನೆಯಿರಿ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಮತ್ತು ಉದ್ಯಮಿಗಳು ಗುಡುಗಿದ್ದೇ ತಡ, ಎರಡು ದಿನದಲ್ಲಿ ಅದು ಮೂಲೆ ಸೇರಿತು. ‘ಐಟಿ ವಲಯದ ವಿರೋಧ’ ಎಂದು ಸುದ್ದಿಯಾಯಿತು. ವಲಯವೆಂದರೆ ಯಾರು? ಸಂವಿಧಾನದ 371 ಜೆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸರ್ಕಾರಿ ನೌಕರಿ, ಕಾಲೇಜು ಸೀಟಿನಲ್ಲಿ ಪಾಲು ಕೊಟ್ಟಿದೆ. ಖಾಸಗಿ ಕಂಪನಿಯ ಬಾಗಿಲಲ್ಲಿ ಅದು ನಡೆಯದು. ಆ ಬಾಗಿಲು ತಟ್ಟುವ ಗಂಗಾವತಿಯ ಹುಡುಗಿಯೂ ಐಟಿ ವಲಯವೇ ಅಲ್ಲವೇ? ಮಸೂದೆ ಸರಿಯೋ ತಪ್ಪೋ, ಅವಳ ಹೆಸರಿನಲ್ಲೂ ಮಾಲೀಕರೇ ಮಾತಾಡಿದರು.

ಅದೇ ತಿಂಗಳು ಐಟಿ ನೌಕರರನ್ನು ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾವ ಬಂತು. ಅದಕ್ಕೆ ಅಡ್ಡ ನಿಂತದ್ದು ಐಟಿ ನೌಕರರ ಸಂಘ ಕೆಐಟಿಯು. ರಜೆ, ಶಿಸ್ತು ಕ್ರಮ, ವಜಾಕ್ಕೆಲ್ಲ ಲಿಖಿತ ನಿಯಮ ಇರಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಸಿಕ್ಕಿದ್ದ ವಿನಾಯಿತಿ 2024ರಲ್ಲಿ ಮತ್ತೆ ಮುಂದುವರಿದಾಗಲೂ ಪ್ರಶ್ನಿಸಿದ್ದು ಆ ಸಂಘವೇ. ಆದರೆ ಲಕ್ಷಗಟ್ಟಲೆ ನೌಕರರಿರುವ ಊರಿನಲ್ಲಿ ಬೀದಿಗಿಳಿದವರು ಒಂದು ಸಣ್ಣ ಪಾಲು. ಸಂಘ ಎಂದೊಡನೆ ‘ಎಚ್‌ಆರ್‌ಗೆ ಗೊತ್ತಾದರೆ?’ ಎಂಬ ಅಳುಕು. ಭಯ ಸುಳ್ಳಲ್ಲ, ಮನೆ ಸಾಲದ ಕಂತು ಟೆಕ್ಕಿಯ ಕೊರಳಿಗಿದೆ. ಆದರೂ ಪ್ರಧಾನಿ ಯಾರಾಗಬೇಕೆಂದು ವಾಟ್ಸ್ಆ್ಯಪ್‌ನಲ್ಲಿ ರಾತ್ರಿಯಿಡೀ ಕಾದಾಡುವವನು ತನ್ನ ನೋಟಿಸ್ ಪೀರಿಯಡ್ ಎಷ್ಟಿರಬೇಕೆಂದು ಕೇಳಲು ತೊದಲುವುದು ಎಂಥ ರಾಜಕೀಯ?

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲರು ಚೀಲಕ್ಕಿಷ್ಟು ಎಂದು ಕೇಳಲು ಒಬ್ಬೊಬ್ಬರೇ ಹೋಗುವುದಿಲ್ಲ, ಕೂಡಿಯೇ ಹೋಗುತ್ತಾರೆ. ಅವರಿಗೂ ಸಂಸಾರವಿದೆ, ಸಾಲವಿದೆ. ಅಂಥ ಕೂಲಿಯ ದುಡ್ಡಿನಲ್ಲಿ ಓದಿದವರು ಇಂದು ಗಾಜಿನ ಕಟ್ಟಡಗಳಲ್ಲಿದ್ದಾರೆ. ಮುಂದಿನ ಸಲ ವೋಟಿಗೆಂದು ಊರಿಗೆ ಹೋದಾಗ ಮನೆಯಲ್ಲೇ ಕೇಳಲಿ: ‘ಅಪ್ಪಾ, ಆವಾಗ ರೇಟು ಹೆಂಗ ಏರಿಸಿಕೊಂಡ್ರಿ?’