ಬಾಯಿಪಾಠ ಸಾಕು, ಕೈಗೂ ಪಾಠ ಬೇಕು



ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಕೇಳುವುದು ಎರಡೇ: ಶಿಕ್ಷಕರು, ಪುಸ್ತಕ. ಕೇಳಲೇಬೇಕು. ಆದರೆ ಅಷ್ಟಕ್ಕೇ ನಿಲ್ಲಬೇಕೆ? ಪುಸ್ತಕದಲ್ಲಿ ವಿದ್ಯುನ್ಮಂಡಲದ ಚಿತ್ರ ನೋಡಿ ಬಾಯಿಪಾಠ ಮಾಡಿದ ಮಗು ತಾನೇ ತಂತಿ ಜೋಡಿಸಿ ದೀಪ ಹೊತ್ತಿಸುವುದು ಯಾವಾಗ?

ಇದು ಪಟ್ಟಣದವರ ಶೋಕಿಯಲ್ಲ. ಡಾ. ಶ್ರೀನಾಥ ಕಲಬಾಗರು 1983ರಲ್ಲಿ ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಅಲ್ಲಿ ಹಳ್ಳಿ ಮಕ್ಕಳು ವೆಲ್ಡಿಂಗ್, ಬಡಗಿತನ, ವೈರಿಂಗ್, ಬೇಸಾಯ ಮಾಡುತ್ತಲೇ ವಿಜ್ಞಾನ ಕಲಿತರು. ಪಾಬಳ ಇರುವುದೂ ಇದೇ ಮಹಾರಾಷ್ಟ್ರದಲ್ಲಿ!

2016ರಲ್ಲಿ ಕೇಂದ್ರ ಸರ್ಕಾರ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ತಂದಿತು. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. 2025ರ ಮುಂಗಡಪತ್ರ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬ್ ಕೊಡುವುದಾಗಿ ಸಾರಿತು. ಅದರಲ್ಲಿ ಕನ್ನಡ ಮಕ್ಕಳ ಪಾಲೆಷ್ಟು?

"ನಿಮ್ಮವು ಸಣ್ಣ ಶಾಲೆಗಳು, ಲ್ಯಾಬ್ ಯಾಕೆ?" ಎನ್ನುವವರಿದ್ದಾರೆ. ಶಾಲೆಗೊಂದು ಬೇಡ, ತಾಲೂಕಿಗೊಂದು ಸಾಕು. ಮೂರೂ ಊರುಗಳಲ್ಲಿ ಕಾಲೇಜುಗಳಿವೆ. ವಾರಕ್ಕೊಂದು ದಿನ ಒಂದು ಕೋಣೆ ತೆರೆದು ಕೊಡಲಿ. ಊರ ಬಡಗಿ, ಕಮ್ಮಾರ, ಮೋಟರ್ ವೈಂಡಿಂಗ್ ಮಾಡುವವರು ಬಂದು ಕಲಿಸಲಿ. ಮರಾಠಿ, ಉರ್ದು ಶಾಲೆಗಳ ಮಕ್ಕಳೂ ಬರಲಿ.

"ಹಾಗಾದರೆ ಮರಾಠಿಯಲ್ಲೇ ಕಲಿಯಲಿ" ಎಂದರೆ? ಮರಾಠಿ ನಮಗೆ ಪರಕೀಯವಲ್ಲ, ನೆರೆಮನೆಯ ಭಾಷೆ. ಆದರೆ ಕಾದ ಕಬ್ಬಿಣದ ಮುಂದೆ ನಿಂತ ಮಗುವಿಗೆ ಎಚ್ಚರಿಕೆಯ ಮಾತು ಮೊದಲು ತಾಯಿನುಡಿಯಲ್ಲಿ ಕೇಳಿಸಬೇಕು. ಸೂಚನೆಗಳು ಕನ್ನಡದಲ್ಲೂ ಇರಲಿ. ಇಷ್ಟೇ ನಮ್ಮ ಬೇಡಿಕೆ.

1956ರಲ್ಲಿ ನಿಲಂಗಾ, ಉದಗೀರ ತಾಲೂಕುಗಳನ್ನು ಬೀದರ ಜಿಲ್ಲೆಯಿಂದ ಬಿಡಿಸಿ ಮುಂಬಯಿ ರಾಜ್ಯಕ್ಕೆ ಸೇರಿಸಿದರು. ಗಡಿ ಸರಿಯಿತು, ಹಕ್ಕು ಸರಿಯಲಿಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಹೇಳುತ್ತದೆ. ಅಲ್ಪಸಂಖ್ಯಾತರು ನಡೆಸುವ ಸಂಸ್ಥೆಯೆಂಬ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡಕೂಡದೆಂದು 30(2)ನೇ ವಿಧಿ ಹೇಳುತ್ತದೆ. ನಾವು ಭಿಕ್ಷೆ ಕೇಳುತ್ತಿಲ್ಲ.

1993ರ ಸೆಪ್ಟೆಂಬರ್ 30ರ ನಸುಕು ನೆನಪಿದೆಯೆ? ಕಿಲ್ಲಾರಿ ಭೂಕಂಪದಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಕುಸಿದು ಸಾವಿರಾರು ಜನ ಮಲಗಿದಲ್ಲೇ ಸತ್ತರು. ಆ ಗೋಡೆ ಯಾಕೆ ಬಿತ್ತು, ಹೇಗೆ ಕಟ್ಟಿದರೆ ನಿಲ್ಲುತ್ತದೆ ಎಂಬುದನ್ನು ಈ ನೆಲದ ಮಕ್ಕಳು ಕೈಯಾರೆ ಪುಟ್ಟ ಗೋಡೆ ಕಟ್ಟಿ, ಅಲುಗಿಸಿ ನೋಡಿ ಕಲಿಯಬಾರದೆ?

ಮುಂದಿನ ಪಾಲಕರ ಸಭೆಯಲ್ಲಿ ಠರಾವು ಮಾಡಿರಿ. ಒಂದು ಪ್ರತಿ ಗಟಶಿಕ್ಷಣಾಧಿಕಾರಿಗೆ, ಒಂದು ಕಾಲೇಜಿನ ಪ್ರಾಚಾರ್ಯರಿಗೆ ಕೊಟ್ಟು ಪೋಚಾವತಿ ಪಡೆಯಿರಿ. ಕೇಳದವರಿಗೆ ಯಾರೂ ತಂದು ಕೊಡುವುದಿಲ್ಲ.